ಮೊದಲು ನಳ, ಆಮೇಲೆ ದೇವರು

ಕೋಪರಖೈರಣೆಯ ಆ ಮನೆಯ ನಕ್ಷೆ ಬರೆಯಲು ಕೂತಾಗಲೆಲ್ಲ ಜಗಳವಾಗುತ್ತದೆ. ನನ್ನ ನೆನಪಿನಲ್ಲಿ ಅಡಿಗೆಮನೆಯ ಕಿಟಕಿ ಬಲಕ್ಕಿದೆ. ತಮ್ಮ ಗುರು ಅದು ಎಡಕ್ಕಿತ್ತು ಎನ್ನುತ್ತಾನೆ. ಅಲ್ಲಿ ಕಿಟಕಿಯೇ ಇರಲಿಲ್ಲ, ಸಿಮೆಂಟಿನ ಜಾಲಿ ಇತ್ತು ಎನ್ನುತ್ತಾಳೆ ಅಮ್ಮ. ಮೂವರೂ ಅದೇ ಒಗ್ಗರಣೆಯ ಘಾಟಿಗೆ ಕೆಮ್ಮಿದವರು, ಅದೇ ಕಿಟಕಿಯಿಂದಲೋ ಜಾಲಿಯಿಂದಲೋ ಬಂದ ಬೆಳಕಿನಲ್ಲಿ ಹಲ್ಲುಜ್ಜಿದವರು. ಹಾಗಾಗಿ ನಕ್ಷೆಯನ್ನು ಬಿಟ್ಟಿದ್ದೇನೆ. ಎರಡೇ ವಸ್ತುಗಳ ಬಗ್ಗೆ ನಮ್ಮಲ್ಲಿ ತಕರಾರಿಲ್ಲ. ಒಂದು, ಅಡಿಗೆ ಕಟ್ಟೆಯ ಮೂಲೆಯಲ್ಲಿದ್ದ ಹಿತ್ತಾಳೆಯ ನಳ. ಇನ್ನೊಂದು, ಹೊರಕೋಣೆಯ ಪ್ಲಾಸ್ಟಿಕ್ ಕುರ್ಚಿಯಿಂದ ಆ ಕಟ್ಟೆಯವರೆಗೆ ಹಾಸಿದ್ದ ಹಳದಿ ಪ್ಲಾಸ್ಟಿಕ್ ಚಾಪೆ. ಆ ಕುರ್ಚಿಗೂ ನಳಕ್ಕೂ ನಡುವೆ, ಆ ಚಾಪೆಯ ಮೇಲೆ, ಒಂದು ಚಳಿಗಾಲದಲ್ಲಿ ನಮ್ಮ ಮನೆ ಒಡೆದುಹೋಗುವುದರಲ್ಲಿತ್ತು. ಒಂದು ಚಳಿಗಾಲ ಎಂದು ನಾನು ಬರೆಯುತ್ತೇನೆ. ಎರಡು ಚಳಿಗಾಲಗಳು ನನ್ನೊಳಗೆ ಬೆರೆತು ಒಂದಾಗಿರಲೂಬಹುದು.

ಅಜ್ಜಿ, ಅಪ್ಪನ ತಾಯಿ, ವಿಜಯಪುರದಿಂದ ಬಂದಳು. ಅಜ್ಜ ತೀರಿಕೊಂಡು ಬಹಳ ಕಾಲವಾಗಿತ್ತು. ಅಲ್ಲಿಯ ಮನೆಯಲ್ಲಿ ಚಿಕ್ಕಪ್ಪನಿದ್ದ, ಅವನ ಹೆಂಡತಿ ಮಡಿ ಮಾಡುವವಳು, ತೊಂದರೆಯೇನೂ ಇರಲಿಲ್ಲ. ತೊಂದರೆ ಇದ್ದದ್ದು ನಮಗೆ. ಅಪ್ಪ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಗುಮಾಸ್ತ, ಬೆಳಕು ಹರಿಯುವ ಮೊದಲೇ ಹೋಗಿಬಿಡುತ್ತಿದ್ದ. ಅಮ್ಮ ಮಹಾಪೆಯ ಕಡೆ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ನಾನೂ ಗುರುವೂ ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಅಜ್ಜಿ ಇದ್ದರೆ ಅಮ್ಮನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ಯಾರೂ ನಮ್ಮನ್ನು ಕೂರಿಸಿ ಹೇಳಲಿಲ್ಲ. ಆದರೆ ಮನೆಯ ಗೋಡೆಗಳಿಗೂ ಗೊತ್ತಿತ್ತು. ಇನ್ನೊಂದು ವಿಷಯವೂ ಗೋಡೆಗಳಿಗೆ ಗೊತ್ತಿತ್ತು. ಅಮ್ಮ ಉಡುಪಿಯ ಕಡೆಯವಳು, ಮೀನು ತಿನ್ನುವ ಮನೆಯವಳು, ತವರಿನವರೊಂದಿಗೆ ತುಳುವಿನಲ್ಲಿ ಮಾತಾಡುವವಳು. ಅಪ್ಪ ಅವಳನ್ನು ತಾನಾಗಿ ಇಷ್ಟಪಟ್ಟು ಮದುವೆಯಾಗಿದ್ದ. ಮದುವೆಯಾದಂದಿನಿಂದ ಅಜ್ಜಿ ಅವಳ ಕೈಯ ಅಡಿಗೆಯನ್ನು ಉಂಡಿರಲಿಲ್ಲ, ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಆದರೂ ಬಂದಳು, ಅದೇ ದೊಡ್ಡದು. ಟ್ರಂಕಿನಲ್ಲಿ ಸಾಲಿಗ್ರಾಮದ ಸಂಪುಟ, ಬೆರಳುದ್ದದ ಹಿತ್ತಾಳೆ ಕೃಷ್ಣ, ಪಂಚಪಾತ್ರೆ, ಉದ್ಧರಣೆ, ಮಣೆ, ಮಡಿಗೆ ಉಡುವ ಕಂದು ಬಣ್ಣದ ಉಣ್ಣೆಯ ಧಾಬಳಿ. ಬಂದ ದಿನವೇ ಮನೆಯನ್ನು ಒಮ್ಮೆ ಸುತ್ತಿ ನೋಡಿದಳು. ಸುತ್ತುವುದಕ್ಕೆ ಬಹಳ ಹೊತ್ತು ಬೇಕಿರಲಿಲ್ಲ. ಎಲ್ಲರೂ ಓಡಾಡುವ ನೆಲದ ಮೇಲೆ ಮಡಿಯಲ್ಲಿ ಕಾಲಿಡುವುದು ಹೇಗೆ? ಮಂಡಿನೋವು, ನೆಲಕ್ಕೆ ಕೂರಲಾರಳು, ಕೂರುವುದೆಲ್ಲಿ? ಅವಳೇ ದಾರಿ ಹುಡುಕಿದಳು. ಪ್ಲಾಸ್ಟಿಕ್ಕಿಗೆ ನೀರು ಹಿಡಿಯುವುದಿಲ್ಲ, ತೊಳೆದರೆ ತೊಳೆದ ಹಾಗೆ. ಆದ್ದರಿಂದ ಪ್ಲಾಸ್ಟಿಕ್ಕಿಗೆ ಮೈಲಿಗೆಯೂ ಹಿಡಿಯುವುದಿಲ್ಲ. ಅಪ್ಪ ಬಜಾರಿನಿಂದ ಕುರ್ಚಿಯನ್ನೂ ಚಾಪೆಯನ್ನೂ ತಂದ. ಬೆಳಿಗ್ಗೆ ನೀರು ಬರುತ್ತಲೇ ಅಜ್ಜಿ ಮಿಂದು, ಎರಡನ್ನೂ ತೊಳೆದು, ಒರೆಸಿ, ಹಾಸಿ, ಧಾಬಳಿ ಉಟ್ಟು ಆ ಹಳದಿ ದಾರಿಯ ಮೇಲೆ ಮಾತ್ರ ನಡೆಯುತ್ತಿದ್ದಳು. ಕುರ್ಚಿಯಲ್ಲಿ ಜಪ, ಕಟ್ಟೆಯ ಮೇಲೆ ಪೂಜೆ, ನಂತರ ತನ್ನ ಪುಟ್ಟ ಅಡಿಗೆ. ಆಕೆಯ ಪಾತ್ರೆಗಳೂ ನಮ್ಮ ಕಟ್ಟೆಯ ಕಡಪಾ ಕಲ್ಲಿಗೆ ತಾಗುವಂತಿರಲಿಲ್ಲ, ಮಣೆಯ ಮೇಲೆ ಕೂರುತ್ತಿದ್ದವು. ಅದನ್ನೆಲ್ಲ ನೆನೆದರೆ ನನಗೆ ಈಗಲೂ ಮೆಚ್ಚುಗೆಯೇ. ಇಷ್ಟು ಚಿಕ್ಕ ಮನೆಯೊಳಗೆ ತನ್ನದೊಂದು ಊರು ಕಟ್ಟಿಕೊಂಡಿದ್ದಳು, ಆ ಊರಿಗೆ ಒಂದೇ ರಸ್ತೆ.

ಅಜ್ಜಿಗೂ ಅಮ್ಮನಿಗೂ ಮಾತು ನನ್ನ ಮೂಲಕ. ಇಬ್ಬರ ನಡುವೆ ಕೈಯಳತೆಯ ದೂರ, ನಡುವೆ ಚಪಾತಿಯ ಡಬ್ಬಿ ಹಿಡಿದ ನಾನು.

"ಸುಮೀ, ನಿಮ್ಮವ್ವಗ ಹೇಳು, ನಳ ಸೋರಲಿಕ್ಕೆ ಹತ್ತೇದ."

"ಅಮ್ಮ, ನಳ ಸೋರ್ತಾ ಇದೆಯಂತೆ."

"ಕಾಣ್ತದೆ ಅಂತ ಹೇಳು. ಆದಿತ್ಯವಾರ ಪ್ಲಂಬರ್ ಬರ್ತಾನೆ ಅಂತಲೂ ಹೇಳು."

"ಕೇಳಿಸ್ತು ಬಿಡು, ನಾ ಏನ ಕಿವುಡಿ ಅಲ್ಲ," ಎಂದು ಅಜ್ಜಿ ನನಗೇ ಗದರುತ್ತಿದ್ದಳು.

ಮೊದಲ ಹೊಡೆತ ಬಿದ್ದದ್ದು ಹಾಲಿನಿಂದ. ಹಾಲಿಗೆ ಮೈಲಿಗೆ ಇಲ್ಲ; ಆದರೆ ಹಾಲಿನ ಪಾಕೀಟಿಗೆ ಇದೆ. ಆದ್ದರಿಂದ ಅಮ್ಮ ಪಾಕೀಟು ಕತ್ತರಿಸಿ ಸ್ಟೀಲಿನ ಪಾತ್ರೆಗೆ ಹಾಲು ಸುರಿದು ಮಣೆಯ ಮೇಲೆ ಇಡಬೇಕು, ಹಿಂದೆ ಸರಿಯಬೇಕು, ಅಜ್ಜಿ ಎತ್ತಿಕೊಳ್ಳಬೇಕು. ಚಳಿ ಶುರುವಾಗಿತ್ತು. ನಮ್ಮ ಕಡೆಯ ಚಳಿ ಎಂದರೆ ಊರವರು ನಗುತ್ತಾರೆ. ಆದರೆ ಆ ದಿನಗಳಲ್ಲಿ ಸಮುದ್ರದ ಹಿನ್ನೀರಿನ ಖಾಡಿಯ ಕಡೆಯ ಜಿಗಟು ಗಾಳಿ ನಿಂತು, ತುಟಿ ಒಡೆದು, ಒಗೆದ ಬಟ್ಟೆ ಹಪ್ಪಳದಂತೆ ಒಣಗುತ್ತಿತ್ತು. ಅಮ್ಮನಿಗೆ ಕಂಪನಿ ಬಸ್ಸಿನ ಗಡಿಬಿಡಿ. ಸಿಂಕಿನ ಮುಂದಿನ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿದ್ದವಳು ಪಾತ್ರೆಯನ್ನು ಮಣೆಗೆ ಮುಟ್ಟಿಸಿ ಇನ್ನೂ ಕೈ ಬಿಟ್ಟಿರಲಿಲ್ಲ. ಅಜ್ಜಿ ಕುರ್ಚಿಯಿಂದೆದ್ದು ಬಂದು ಬೆರಳು ಚಾಚಿದಳು. ಚಟ್ ಎಂದಿತು. ಅಜ್ಜಿ "ಕೃಷ್ಣಾ" ಎಂದು ಕೈ ಜಾಡಿಸಿದಳು. ಹಾಲು ಕಟ್ಟೆಯ ಮೇಲೆ ಹರಿದು ನಳದ ಬುಡಕ್ಕೆ ಹೋಯಿತು.

ಗುರು ಕುಣಿದ. ಅವನು ಆಗಲೇ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗ.

"ಅಜ್ಜೀ ಕೋ ಕರಂಟ್ ಲಗಾ! ಅಜ್ಜೀ ಕೋ ಕರಂಟ್ ಲಗಾ!"

ಒಂದು ಸಲವಾಗಿದ್ದರೆ ಮರೆತುಹೋಗುತ್ತಿತ್ತು. ಆದರೆ ಅಜ್ಜಿ ಮರೆಯುವ ಹೆಂಗಸಲ್ಲ, ಪರೀಕ್ಷೆ ಮಾಡುವ ಹೆಂಗಸು. ಅಮ್ಮ ಕೈ ತೆಗೆದಿದ್ದರೆ ಪಾತ್ರೆ ಕಚ್ಚುವುದಿಲ್ಲ. ಕಚ್ಚಿದರೂ ಇರುವೆ ಕಚ್ಚಿದ ಹಾಗೆ. ಅಮ್ಮ ಕೈ ಇಟ್ಟಿದ್ದರೆ ಕಚ್ಚುತ್ತದೆ. ಇದನ್ನು ಬೇರೆ ಬೇರೆ ಬೆಳಿಗ್ಗೆ ನೋಡಿದಳು. ಮಗ ಪಾತ್ರೆ ಇಟ್ಟರೆ ಹೇಗೆ ಎಂದು ನೋಡಲು ಭಾನುವಾರ ಅಪ್ಪನನ್ನು ಕರೆದಳು. ಅಪ್ಪ ಹೊರಗಿನಿಂದ ರಬ್ಬರ್ ಚಪ್ಪಲಿಯಲ್ಲೇ ಬಂದು ಹಾಲಿಟ್ಟ, ಬೈಸಿಕೊಂಡ, ಆದರೆ ಪಾತ್ರೆ ಕಚ್ಚಲಿಲ್ಲ. ಅಲ್ಲಿಗೆ ಅಜ್ಜಿಯ ತೀರ್ಮಾನ ಮುಗಿಯಿತು. ಅಪ್ಪನನ್ನು ಕುರ್ಚಿಯ ಎದುರು ನಿಲ್ಲಿಸಿಕೊಂಡು ಹೇಳಿದಳು. ಅಮ್ಮ ಅಡಿಗೆಮನೆಯಲ್ಲಿದ್ದಳು, ಕೇಳಿಸುವಷ್ಟು ಹತ್ತಿರ.

"ಶ್ರೀನೀ, ಸಿಟ್ಟಾಗಬ್ಯಾಡ. ನಾ ಮನಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಆದರ ಇಕಿ ಕೈ ದೇವರಿಗೆ ಬ್ಯಾಡಾಗೇದ. ಮಡಿ ತಾನಾಗೇ ದೂಡಲಿಕ್ಕೆ ಹತ್ತೇದ. ಸಂಕ್ರಮಣ ಮುಗಿಸಿ ನನ್ನ ಊರಿಗೆ ಕಳಿಸಿಬಿಡು."

"ಅವ್ವಾ, ಅದು ಸುಮ್ನ ಹವಾಕ್ಕ ಆಗ್ತದ..."

"ಹವಾ ನಿನಗ ಯಾಕ ಕಚ್ಚಲಿಲ್ಲ?"

ಇದಕ್ಕೆ ಉತ್ತರ ಅಮ್ಮನ ಬಳಿ ಇತ್ತು. ಕಾರ್ಖಾನೆಯಲ್ಲಿ ದಿನವಿಡೀ ಅವಳು ಅದರ ಜೊತೆಗೇ ಬದುಕುತ್ತಿದ್ದಳು. ಅವಳು ಬಾಗಿಲಿಗೆ ಬಂದು, ನನ್ನ ಮೂಲಕವಲ್ಲದೆ, ನೇರವಾಗಿ ಹೇಳಿದಳು.

"ಅತ್ತೆ, ಅದಕ್ಕೆ ಸ್ಟ್ಯಾಟಿಕ್ ಅಂತ ಹೇಳ್ತಾರೆ. ಉಣ್ಣೆ ಮತ್ತು ಪ್ಲಾಸ್ಟಿಕ್ಕು ತಾಗಿ ಬೇರೆ ಆದ್ರೆ ಹಾಗೆ ಆಗುದು. ನನ್ನ ಕೈಯದ್ದಲ್ಲ ಅದು, ನಿಮ್ಮ ಕುರ್ಚಿಯದ್ದು."

"ಸುಮೀ, ನಿಮ್ಮವ್ವಗ ಹೇಳು, ಧಾಬಳಿ ನಮ್ಮ ಅತ್ತಿ ಕಾಲದಿಂದ ಉಡ್ತೇವಿ. ಅಲ್ಲಿ ಯಾರಿಗೂ ಕಚ್ಚಿಲ್ಲ."

ನಾನು ಹೇಳಲಿಲ್ಲ. ಮೊದಲ ಬಾರಿ ನನ್ನ ಕೆಲಸ ಮಾಡಲು ನಿರಾಕರಿಸಿದೆ ಎಂದು ಬರೆಯಲು ಆಸೆಯಾಗುತ್ತದೆ. ನಿಜವೆಂದರೆ ಬಾಯಲ್ಲಿ ಚಪಾತಿ ಇತ್ತು.

ಆ ಮೇಲಿನ ದಿನಗಳಲ್ಲಿ ಅಪ್ಪ ತಿಕೀಟು ತೆಗೆಸಿದ. ಅಮ್ಮ ಶೆಂಗಾ ಹುರಿಯುವಾಗ, ಇಸ್ತ್ರಿ ಮಾಡುವಾಗ ಅವಳ ಮುಖ ನೋಡುತ್ತಿದ್ದೆ. ಕೆಲಸ ಬಿಡುವ ಮಾತನ್ನು ತವರಿಗೆ ಫೋನಿನಲ್ಲಿ ತುಳುವಿನಲ್ಲಿ ಹೇಳಿದಳು. ನಮಗೆ ತಿಳಿಯಬಾರದೆಂದು ತುಳು, ಆದರೆ ಅಷ್ಟು ತುಳು ನಮಗೆ ಬರುತ್ತಿತ್ತು. ಅಜ್ಜಿ ಮಾತ್ರ ಆ ದಿನಗಳಲ್ಲಿ ನಮ್ಮ ಮೇಲೆ ಎಂದಿಗಿಂತ ಹೆಚ್ಚು ಪ್ರೀತಿಯಿಂದಿದ್ದಳು. ಶಾಲೆಯಿಂದ ಬಂದರೆ ಕುರ್ಚಿಯಲ್ಲಿ ಕೂತು ಹತ್ತಿ ಬತ್ತಿ ಹೊಸೆಯುತ್ತಿರುತ್ತಿದ್ದಳು. ಹತ್ತಿಯ ಎಳೆಗಳು ಅವಳ ತೊಡೆಯಿಂದ ಎದ್ದು ನಿಂತು, ತೂಗಿ, ಧಾಬಳಿಗೆ ಹಾರಿ ಅಂಟಿಕೊಳ್ಳುತ್ತಿದ್ದವು. ಬಿಡಿಸಿದರೆ ಬೆರಳಿಗೆ, ಬೆರಳಿನಿಂದ ಮತ್ತೆ ಧಾಬಳಿಗೆ. ಗುರು ಅವುಗಳನ್ನು ಊದಿ ಅಟ್ಟುತ್ತಿದ್ದ, ಅವು ಮರಳಿ ಬರುತ್ತಿದ್ದವು.

"ನೋಡು, ಹತ್ತಿಗೆ ನಾ ಅಂದರ ಜೀವ," ಎನ್ನುತ್ತಿದ್ದಳು ಅಜ್ಜಿ. "ನೀವಿಬ್ಬರೂ ಹಿಂಗ ಅಂಟಿಕೊಂಡಿರಿ ನೋಡೂಣು. ಊರಿಗೆ ಹೋದ ಮ್ಯಾಲೆ ನನ್ನ ನೆನಸ್ತೀರೋ ಇಲ್ಲೋ."

ಅಂಟುವುದೂ ಕಚ್ಚುವುದೂ ಒಂದೇ ಸಂಗತಿಯ ಎರಡು ಮುಖ ಎಂದು ಅಜ್ಜಿಗೆ ಆಗ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಈಗ ಹೊಳೆದದ್ದನ್ನು ಆಗಿನ ಹುಡುಗಿಯ ತಲೆಗೆ ತುರುಕುವುದು ಬೇಡ.

ಸಂಕ್ರಮಣಕ್ಕೆ ಕೆಲವು ದಿನಗಳಿದ್ದಾಗ ಅದು ನಡೆಯಿತು. ಅಂದು ಅಜ್ಜಿ ಮಣೆಯನ್ನು ತಿಕ್ಕಿ ತೊಳೆದು ಒಣಗಲು ನಿಲ್ಲಿಸಿದ್ದಳು. ಆದ್ದರಿಂದ ತಾಮ್ರದ ತಟ್ಟೆಯನ್ನು ತಾನೇ ತೊಳೆದ ಒದ್ದೆ ಕಟ್ಟೆಯ ಮೇಲೆ ನೇರವಾಗಿ, ನಳಕ್ಕೆ ಒತ್ತಿ ಇಟ್ಟು, ಅದರಲ್ಲಿ ಕೃಷ್ಣನನ್ನು ಕೂರಿಸಿ, ನೀರೆರೆದು, ಕುರ್ಚಿಗೆ ಹೋಗಿ ಕೂತು ಸ್ತೋತ್ರ ಹೇಳತೊಡಗಿದಳು. ಅಮ್ಮ ಆಗಲೇ ಬಸ್ಸಿಗೆ ಹೋಗಿದ್ದಳು. ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಸ್ತೋತ್ರ ಮುಗಿಯಿತು, ಕುರ್ಚಿ ಕರಕರ ಎಂದಿತು, ಚಾಪೆಯ ಮೇಲೆ ಹೆಜ್ಜೆಗಳು. ದೇವರನ್ನು ಎತ್ತಿಕೊಳ್ಳಲು ಬಗ್ಗಿ ಬೆರಳು ಚಾಚಿದಳು.

ಚಟ್.

ಹಾಲಿಗಾದದ್ದಕ್ಕಿಂತ ಜೋರು. ಅಜ್ಜಿ ಈ ಸಲ ಕೈ ಜಾಡಿಸಲಿಲ್ಲ, "ಕೃಷ್ಣಾ" ಎನ್ನಲಿಲ್ಲ. ಯಾರ ಹೆಸರು ಕರೆಯಬೇಕಿತ್ತೋ ಅವನೇ ಕಚ್ಚಿದ್ದ. ಆಮೇಲೆ ಕುರ್ಚಿಗೆ ಹೋಗಿ ಕೂತಳು. ಒಲೆ ಹೊತ್ತಿಸಲಿಲ್ಲ. ನಾವು ಶಾಲೆಯಿಂದ ಬಂದಾಗಲೂ ಅದೇ ಕುರ್ಚಿಯಲ್ಲಿದ್ದಳು, ಕೃಷ್ಣ ಅದೇ ನೀರಿನಲ್ಲಿದ್ದ. ಗುರು ಕೂಡ ಕುಣಿಯಲಿಲ್ಲ.

ಸಂಜೆ ಅಮ್ಮ ಬಂದು, ಚಪ್ಪಲಿ ಬಿಟ್ಟು, ಒಣಗಿದ ಪಾತ್ರೆಗಳನ್ನು ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಚಾಪೆಯ ಅಂಚಿನಲ್ಲಿ, ನೆಲದ ಮೇಲೆ ಕೂತಳು.

"ಊಟ ಮಾಡ್ಲಿಲ್ವಾ ಅತ್ತೆ?"

ಅಜ್ಜಿ ನನ್ನ ಕಡೆ ನೋಡಿದಳು. ರೂಢಿ. ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದಳು.

"ಅವನೂ ನನ್ನ ಒಲ್ಲೆ ಅಂದ."

"ಯಾರು?"

ಅಜ್ಜಿ ಗದ್ದದಿಂದ ಅಡಿಗೆಮನೆಯ ಕಡೆ ತೋರಿಸಿದಳು. ಅಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ಕ್ಷಣದಲ್ಲಿ ಅವಳು ಬೇಕಾದ್ದನ್ನು ಹೇಳಬಹುದಿತ್ತು. ಮಡಿ ತಾನಾಗೇ ದೂಡುತ್ತದಲ್ಲವೇ ಎನ್ನಬಹುದಿತ್ತು. ನಾನು ಬರೆಯುವವಳಾದ ಮೇಲೆ ಆ ಮಾತನ್ನು ಎಷ್ಟು ಬಗೆಯಲ್ಲಿ ಹೆಣೆದು ಅವಳ ಬಾಯಿಗೆ ಕೊಟ್ಟು ನೋಡಿದ್ದೇನೆ; ಒಂದೂ ಅವಳಿಗೆ ಒಪ್ಪುವುದಿಲ್ಲ.

"ಛೆ ಛೆ, ಎಂತ ಮಾತು ಅತ್ತೆ. ದೇವರು ಯಾಕೆ ಒಲ್ಲೆ ಅಂತಾನೆ?"

ಅಜ್ಜಿ ಧಾಬಳಿಯ ಅಂಚು ಎಳೆದುಕೊಂಡಳು.

"ನಿಮ್ಮ ಫ್ಯಾಕ್ಟರಿಯೊಳಗ ಕೈಗೆ ಏನೋ ಕಟ್ಟಿಕೋತೀರಂತಲ್ಲ. ಶ್ರೀನಿ ಅಂದ. ಯಾಕ ಅದು?"

"ಪಟ್ಟಿ ಅದು. ಮಣಿಕಟ್ಟಿಗೆ ಪಟ್ಟಿ, ಪಟ್ಟಿಗೆ ವಯರು, ವಯರು ಹೋಗಿ ಭೂಮಿಗೆ. ನಾವು ಕುರ್ಚಿಯಿಂದ ಎದ್ರೆ ಕೂತ್ರೆ ಮೈಮೇಲೆ ಇದು ಸೇರ್ತಾ ಇರ್ತದೆ. ಕಾಣುದಿಲ್ಲ. ಹಾಗೇ ಬೋರ್ಡ್ ಮುಟ್ಟಿದ್ರೆ ಪೂರಾ ಬೋರ್ಡ್ ಹಾಳು. ಪಟ್ಟಿ ಇದ್ರೆ ಸೇರಿದ್ದು ಸೇರಿದ ಹಾಗೆ ಇಳಿದು ಹೋಗ್ತದೆ."

"ಚಪ್ಪಲಿ ಹೊರಗ ಬಿಡ್ತೀರಿ?"

"ಬಿಡ್ಬೇಕು. ಒಳಗೆ ಬೇರೆ ಇರ್ತದೆ."

"ಬ್ಯಾರೆ ಅರಿವಿ?"

"ಬೇರೆ ಕೋಟು. ಮನೆಗೆ ತರ್ಲಿಕ್ಕಿಲ್ಲ."

"ಪಟ್ಟಿ ಇಲ್ಲದ ಯಾರರ ಬಂದು ಮುಟ್ಟಿದರ?"

"ಸೂಪರ್‌ವೈಸರ್ ಬೊಬ್ಬೆ ಹೊಡಿತಾರೆ."

ಅಜ್ಜಿ ಅಮ್ಮನ ಮಣಿಕಟ್ಟನ್ನು ನೋಡಿದಳು. ಪಟ್ಟಿಯ ಗುರುತು ಅಲ್ಲಿ ಬಳೆಗಳ ಕೆಳಗೆ ಬೆಳ್ಳಗೆ ಇತ್ತು.

"ಅಂದರ ನೀನೂ ದಿನಾ ಮಡೀಲೇ ಇರ್ತೀ."

ಅಮ್ಮ ನಕ್ಕಳು. ಅಜ್ಜಿ ನಗಲಿಲ್ಲ, ಅವಳು ಲೆಕ್ಕ ಹಾಕುತ್ತಿದ್ದಳು. ಅಮ್ಮನ ಮಾತನ್ನು ನಂಬಿದರೆ ಕೃಷ್ಣ ತನ್ನನ್ನು ದೂಡಲಿಲ್ಲ. ಕೃಷ್ಣ ದೂಡಲಿಲ್ಲವೆಂದರೆ ಅಮ್ಮನನ್ನೂ ಯಾರೂ ದೂಡಿರಲಿಲ್ಲ. ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಬಿಡುವ ಹಾಗಿರಲಿಲ್ಲ.

"ಊರಾಗ ಯಾಕ ಇರಲಿಲ್ಲ ಮತ್ತ?" ಎಂದಳು ಕೊನೆಗೆ. ಸೋಲುವ ಮುನ್ನ ಒಂದು ಪ್ರಶ್ನೆ.

"ಅಲ್ಲಿ ನೀವು ಕಲ್ಲಿನ ಮೇಲೆ ಬರಿಗಾಲಲ್ಲಿ ಇದ್ರಿ. ಸೇರಿದ್ದನ್ನೆಲ್ಲ ನೆಲ ತಗೊಳ್ತಿತ್ತು. ಇಲ್ಲಿ ಚಾಪೆ ನಿಮ್ಮನ್ನ ನೆಲಕ್ಕೆ ಮುಟ್ಟಲಿಕ್ಕೆ ಬಿಡುದಿಲ್ಲ. ಅದು ಹೋಗುದಾದ್ರೂ ಎಲ್ಲಿಗೆ? ಬೆರಳ ತುದಿಯಲ್ಲಿ ಹಾರ್ತದೆ. ನಾನು ಒದ್ದೆಯಲ್ಲಿ ನಿಂತಿರ್ತೇನೆ, ನನಗೇ ಹಾರ್ತದೆ."

ಇದು ಎಷ್ಟು ಅಚ್ಚುಕಟ್ಟಾದ ಪಾಠವೆಂದರೆ ನನಗೇ ಅನುಮಾನ. ನಮ್ಮ ನೆಲ ಸೋಕಬಾರದೆಂದು ಹಾಸಿದ್ದೇ ಕಚ್ಚಿಸುತ್ತಿತ್ತು ಎಂದು ನೀತಿಕಥೆಯ ಕೊನೆಯ ಸಾಲಿನಂತೆ ಬರೆಯಬಹುದು. ಆದರೆ ಅಜ್ಜಿ ಚಾಪೆಯನ್ನು ತೆಗೆಯಲಿಲ್ಲ. ನೀತಿ ಬೇರೆ, ಮಂಡಿನೋವು ಬೇರೆ, ಮಡಿ ಬೇರೆ. ಚಾಪೆ ಇರಲಿ, ಧಾಬಳಿ ಇರಲಿ, ಬೇರೇನಾದರೂ ಹೇಳು ಎಂದಳು. ಅಮ್ಮ ಯೋಚಿಸಿ, ಪಂಚಪಾತ್ರೆಯ ಕಡೆ ಕೈ ತೋರಿಸಿದಳು, ತಾನು ಮುಟ್ಟಲಿಲ್ಲ.

"ಆ ಉದ್ಧರಣೆ ಗಟ್ಟಿಯಾಗಿ ಹಿಡ್ಕೊಂಡು ಅದರ ತುದಿಯನ್ನ ಮೊದಲು ನಳಕ್ಕೆ ಮುಟ್ಟಿಸಿ. ಚಟ್ ಅನ್ನುದು ಚಮಚಕ್ಕೆ, ನಿಮ್ಮ ಬೆರಳಿಗಲ್ಲ. ಪೈಪು ನೆಲದೊಳಗೆ ಹೋಗ್ತದಲ್ಲ, ತಗೊಂಡು ಹೋಗ್ತದೆ. ಆಮೇಲೆ ದೇವರನ್ನ ಮುಟ್ಟಿ."

ಅಜ್ಜಿ ಆಗಲೇ ಎದ್ದಳು. ಕುರ್ಚಿ ಕರಕರ ಎಂದಿತು. ಹಳದಿ ದಾರಿಯಲ್ಲಿ ನಡೆದು, ಉದ್ಧರಣೆ ಹಿಡಿದು, ಹಾವಿಗೆ ಕೋಲು ಚಾಚುವವಳ ಹಾಗೆ ನಳದತ್ತ ಚಾಚಿದಳು. ಚಟ್. ಸಣ್ಣ ಬೆಳಕು ಕಂಡಿತು ಎಂದು ಗುರು ಇಂದಿಗೂ ಹೇಳುತ್ತಾನೆ. ಅಜ್ಜಿ ನಮ್ಮತ್ತ ನೋಡಿದಳು, ನೋವಾಗಿಲ್ಲವೆಂಬ ಬೆರಗು ಮುಖದಲ್ಲಿ. ಬೆರಳನ್ನು ಮೆಲ್ಲಗೆ ಕೃಷ್ಣನ ತಲೆಗೆ ತಾಗಿಸಿದಳು. ಏನೂ ಆಗಲಿಲ್ಲ. ಅವನನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು. "ಬೆಳಗಿನಿಂದ ನೀರಾಗ ಕೂಡಿಸಿಬಿಟ್ಟೆ, ನೆಗಡಿ ಆಗೇದೇನೋ ಕೂಸಿಗೆ," ಎಂದು ಅಳುತ್ತಾ ನಗುತ್ತಾ ಹೇಳಿದಳು.

ಆಮೇಲೆ ಅದು ನಮ್ಮ ಮನೆಯ ಪೂಜಾವಿಧಿಯೇ ಆಯಿತು. ಮೊದಲು ನಳ, ಆಮೇಲೆ ದೇವರು. ಮಳೆಗಾಲದಲ್ಲಿ, ಗೋಡೆ ಬೆವರಿ ಉಪ್ಪಿನ ಡಬ್ಬಿ ನೀರಾಗುವ ತಿಂಗಳುಗಳಲ್ಲಿ, ಕಚ್ಚುವ ಮಾತೇ ಇಲ್ಲದಿದ್ದಾಗಲೂ ಅಜ್ಜಿ ಬಿಡಲಿಲ್ಲ. ನಾವೂ ದೇವರಿಗೆ ಕೈ ಮುಗಿಯುವ ಮುನ್ನ ನಳ ಮುಟ್ಟುತ್ತಿದ್ದೆವು. ಪಕ್ಕದ ಮನೆಯ ಮರಾಠಿ ಕಾಕು ಒಮ್ಮೆ ಬೆಳಿಗ್ಗೆ ಬಂದು ನಿಂತು ನೋಡಿ, "ತುಮಚ್ಯಾತ ನಳಾಚೀ ಪೂಜಾ ಅಸತೇ ಕಾ?" ಎಂದು ಭಕ್ತಿಯಿಂದಲೇ ಕೇಳಿದಳು. ನೀರು ಗಂಟೆಗಟ್ಟಲೆ ಬಾರದ ಊರಿನಲ್ಲಿ ನಳಕ್ಕೆ ಪೂಜೆ ಇರುವುದು ಅವಳಿಗೆ ನ್ಯಾಯವಾಗಿಯೇ ಕಂಡಿರಬೇಕು. "ಹೋಯ, ಹೋಯ," ಎಂದಳು ಅಜ್ಜಿ.

ನಾನು ಮುಂದಕ್ಕೆ ಹೋಗಿಬಿಟ್ಟೆ. ಆ ಸಂಕ್ರಮಣ ಇನ್ನೂ ಬಾಕಿ ಇದೆ, ತಿಕೀಟು ಇನ್ನೂ ಅಪ್ಪನ ಜೇಬಿನಲ್ಲಿದೆ. ಅಂದು ಸಂಜೆ ಅಮ್ಮ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಬಿಲ್ಡಿಂಗಿನ ಹೆಂಗಸರು ಬಂದು, ಎಳ್ಳುಂಡೆ ತಿಂದು, ಒಳ್ಳೆಯ ಮಾತಾಡೋಣ ಎಂದು ಹರಸಿ ಹೋದರು. ಅಜ್ಜಿ ವಿಧವೆ, ಅದಕ್ಕೆ ಹೊರಗಿನವಳು. ಚಳಿಗೆಂದು ಧಾಬಳಿ ಹೊದ್ದು ತನ್ನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಎಲ್ಲರೂ ಹೋದ ಮೇಲೆ ಅಮ್ಮ ಕುಸುರೆಳ್ಳಿನ ತಟ್ಟೆ ತಂದು ಅಜ್ಜಿಯ ಪಕ್ಕದ ಸ್ಟೂಲಿನ ಮೇಲೆ, ರೂಢಿಯಂತೆ, ಇಟ್ಟು ಹಿಂದೆ ಸರಿದಳು. ಅಮ್ಮನ ಕೈಯದ್ದನ್ನು ಅಜ್ಜಿ ತಿನ್ನುವಳೋ ಇಲ್ಲವೋ ಎಂದು ನೋಡುತ್ತ ಅಪ್ಪ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ.

ಅಜ್ಜಿ ಒಂದು ಮುಷ್ಟಿ ಎತ್ತಿಕೊಂಡಳು. ಎದ್ದು ನಿಂತಳು.

"ವಾರಿಜಾ, ಕೈ ಚಾಚು."

ಆ ಹೆಸರು ಅವಳಿಗೆ ಬರುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ.

"ನಳ ಮುಟ್ಟಿ ಬನ್ನಿ ಅತ್ತೆ," ಎಂದಳು ಅಮ್ಮ, ಕೈ ಅರ್ಧ ಚಾಚಿ. "ಈಗಷ್ಟೇ ಎದ್ದಿದ್ದೀರಿ. ಕಚ್ಚುತ್ತದೆ."

"ಕಚ್ಚಲಿ ಬಿಡು."

ಒಂದು ಚಿಟಿಕೆ ಕುಸುರೆಳ್ಳನ್ನು ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅಮ್ಮನ ಅಂಗೈಗೆ ಸುರಿದು, ಆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು. ಹಾಗೇ ಹಿಡಿದುಕೊಂಡು ಅಪ್ಪನ ಕಡೆ ತಿರುಗಿದಳು.

"ಶ್ರೀನೀ, ಆ ತಿಕೀಟು ವಾಪಸ್ ಮಾಡು. ಇಕಿ ಫ್ಯಾಕ್ಟರಿ ಬಿಟ್ಟರ ನನಗ ಇದೆಲ್ಲಾ ಯಾರು ಹೇಳಿಕೊಡವರು?"

ಇಲ್ಲಿ ನನ್ನ ನೆನಪಿನಲ್ಲಿ ಚಟ್ ಎಂಬ ಸದ್ದು ಕೇಳಿಸುತ್ತದೆ, ಸ್ಪಷ್ಟವಾಗಿ. ಗುರು ಅದು ಜೋರಾಗಿತ್ತು, ಇಬ್ಬರೂ ಹಾರಿ ಬಿದ್ದರು, ಕುಸುರೆಳ್ಳು ಚೆಲ್ಲಿತು, ತಾನೇ ಆಯ್ದು ತಿಂದೆ ಎನ್ನುತ್ತಾನೆ. ಹೆಂಗಸರ ಕಾಲಿಗೆ ನೀರು ಕೊಟ್ಟು ಚಾಪೆಯೆಲ್ಲ ಒದ್ದೆಯಾಗಿತ್ತು, ಕಚ್ಚಲು ಸಾಧ್ಯವೇ ಇಲ್ಲ ಎನ್ನುತ್ತದೆ ನಾನು ಆಮೇಲೆ ಕಲಿತ ವಿಜ್ಞಾನ. ಹೋದ ಚಳಿಗಾಲ ಸೀವುಡ್ಸಿನ ನನ್ನ ಮನೆಯಲ್ಲಿ ಅಮ್ಮ ಶಾಲು ಮಡಿಚುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳಿಗೆ ಈಗ ಅಜ್ಜಿಯ ವಯಸ್ಸು, ಅಜ್ಜಿಯ ಮಂಡಿನೋವು.

"ಅಮ್ಮ, ಆವತ್ತು ಕಚ್ಚಿತ್ತಾ ಇಲ್ವಾ? ನಿಜ ಹೇಳು."

ಅಮ್ಮ ತನ್ನ ಅಂಗೈ ನೋಡಿಕೊಂಡಳು.

"ಅದು ನೆನಪಿಲ್ಲ ಮಾರಾಯ್ತಿ. ಅವರು ಕೈ ಎಳ್ಕೊಳ್ಳಲಿಲ್ಲ."